ಲೈನಿಂಗು ಯಾವ ಬಣ್ಣದ್ದು?

ಶ್ರೀನಿವಾಸಪುರದ ಮಂಡಿ ರಸ್ತೆ, ಗೊಬ್ಬರದಂಗಡಿಯ ಮೇಲೆ
ಒಂದು ಕಿಟಕಿ, ಒಂದು ಮಿಷನ್ನು, ನಾನು.
ಊರಿನ ಅರ್ಧ ಹೆಂಗಸರ ಎದೆಯಳತೆ
ನನ್ನ ಚೌಕುಳಿ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿದೆ.
ಪೆನ್ನಲ್ಲ. ಎದೆ ಬದಲಾಗುತ್ತದೆ.

ಕಾರ್ತೀಕದಲ್ಲಿ ಆಂಜಿನಮ್ಮ ಬಂದಳು.
ಹಳೇ ರವಿಕೆ ಮೇಜಿನ ಮೇಲಿಟ್ಟು
"ಅಳತೆ ಇದೇ. ಲೈನಿಂಗು ಮಾತ್ರ
ಕಾಫಿಪುಡಿ ಬಣ್ಣದ್ದು ಹಾಕು" ಅಂದಳು.
ತಿಳಿಹಳದಿ ಬಟ್ಟೆಗೆ ಯಾರಾದರೂ ಕಾಫಿಪುಡಿ ಹಾಕುತ್ತಾರಾ?

ತಿರುವಿ ನೋಡಿದೆ.
ಎಡಗಡೆ, ಡಾಟುಗಳು ಕೂಡುವ ತುದಿಯಲ್ಲಿ
ಎಂಟಾಣೆಯಗಲ ಕಲೆ. ತುಕ್ಕಿನ ಬಣ್ಣ, ಅಂಚು ಗಡಸು.
"ಮಾವಿನ ಸೊನೆ ಕಣೆ" ಅಂದಳು
ನಾನು ಕೇಳುವ ಮೊದಲೇ.

ಮಂಡಿಗೆ ಬೀಗ ಬಿದ್ದು ಮೂರು ತಿಂಗಳು.
ಅದೂ ಅಲ್ಲದೆ, ಕಲೆಗೊಂದು ದಾರಿ ಇರುತ್ತದೆ.
ಹೊರಗಿಂದ ಬಿದ್ದದ್ದು ಒಳಕ್ಕಿಳಿಯುತ್ತ ತೆಳುವಾಗುತ್ತದೆ.
ಇದು ಒಳಗೆ ಗಾಢ, ಮೇಲೆ ಬರೀ ನೆರಳು.

ಎದ್ದು ಬಾಗಿಲು ಮುಂದೆ ಮಾಡಿದೆ.

ನನ್ನದನ್ನು ಮೊದಲು ಹೇಳಿದೆ,
ಇಲ್ಲದಿದ್ದರೆ ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ.
ಕಿರಿಯವಳು ಮೊಲೆ ಬಿಟ್ಟು ಮೂರು ವರ್ಷದ ಮೇಲೆ
ನನಗೆ ಎರಡೂ ಕಡೆ ಹಾಲಿನಂಥದ್ದು, ಹಿಸುಕಿದರೆ ಮಾತ್ರ.
ನಿಂತಿತಾ ಅಂತ ದಿನಾ ಹಿಸುಕಿ ನೋಡುತ್ತಿದ್ದೆ.
ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡು ಅಂದರು.
"ಮೊದಲು ಹಿಸುಕೋದು ಬಿಡು.
ನೀನು ಕೇಳ್ತಾ ಇದ್ದರೆ ಅದು ಕೊಡ್ತಾ ಇರುತ್ತೆ."
ಮಾತ್ರೆ ನುಂಗಿದೆ. ನಾಲ್ಕು ತಿಂಗಳಿಗೆ ನಿಂತಿತು.

ಆಂಜಿನಮ್ಮನ ಭುಜ ಇಳಿಯಿತು. "ಹಂಗಾದ್ರೆ ನಂದೂ ಅದೇ."
"ಎರಡೂ ಕಡೇನಾ?"
"ಎಡಕ್ಕಷ್ಟೇ."
"ಹಿಸುಕಿದ್ಯಾ?"
"ಮುಟ್ಟೇ ಇಲ್ಲ. ಬೆಳಗ್ಗೆ ಎದ್ದರೆ ಆಗಿರುತ್ತೆ."

ಐವತ್ನಾಲ್ಕು ವಯಸ್ಸು. ಮುಟ್ಟು ನಿಂತು ಐದು ವರ್ಷ.
ನೋವಿಲ್ಲ, ನೋವಿಲ್ಲ, ನೋವಂತೂ ಇಲ್ಲ ಅಂದಳು
ಬಾಕಿ ತೀರಿದ ರಸೀದಿ ತೋರಿಸುವವಳ ಹಾಗೆ.

"ಮೂವತ್ತು ಸೀಸನ್ನು ಮಂಡೀಲಿ ಕಾಯಿ ಆರಿಸಿದೀಯ, ಹೇಳು.
ತೊಟ್ಟು ಮುರಿದರೆ ಸೊನೆ ಬರುತ್ತೆ, ಯಾವ ಕಾಯಿಗಾದ್ರೂ.
ಯಾರೂ ಮುರೀದೆ, ಒಂದೇ ಕಾಯಿ, ತಾನಾಗಿ ಒಸರಿದರೆ?"

ಕೆಳಗೆ ಲಾರಿಯೊಂದು ರಿವರ್ಸ್ ತೆಗೆದು ಹೋಗುವ ತನಕ
ಅವಳು ಸುಮ್ಮನಿದ್ದಳು.
"ಪಕ್ಕಕ್ಕಿಡ್ತೀನಿ."
"ಬಿಸಾಕ್ತೀಯಾ?"
"ಯಾಕೆ ಬಿಸಾಕ್ಲಿ? ಕೊಯ್ದು ನೋಡ್ತೀನಿ.
ಎಷ್ಟೋ ಸಲ ಒಳಗೆ ಏನೂ ಇರಲ್ಲ."

ನಾನು ಅದಕ್ಕೆ ಏನೂ ಸೇರಿಸಲಿಲ್ಲ.

ಸೋಮವಾರ ಅಂಗಡಿ ಮುಚ್ಚಿ ಇಬ್ಬರೂ ಕೋಲಾರದ ಬಸ್ಸು ಹತ್ತಿದೆವು.
ರವಿಕೆ ಒಗೆಯಬೇಡ ಅಂದಿದ್ದೆ, ಕವರಿನಲ್ಲಿ ತಂದಿದ್ದಳು.
ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ತಿರುವಿ,
ಥೇಟು ದರ್ಜಿಯ ಹಾಗೆ ನೋಡಿದರು.
ಗಂಟಿದೆಯಾ, ತೊಟ್ಟು ಒಳಕ್ಕೆ ಎಳೆದಿದೆಯಾ,
ಚರ್ಮ ಕುಳಿ ಬಿದ್ದಿದೆಯಾ, ಮನೇಲಿ ಯಾರಿಗಾದರೂ ಇತ್ತಾ.
ಬಿಳೀ ಬಟ್ಟೆ ಒತ್ತಿದರು: ಒಂದೇ ರಂಧ್ರ, ಒಂದೇ ಕೆಂಪು ಚುಕ್ಕೆ.
ಎಕ್ಸ್‌ರೇ, ಸ್ಕ್ಯಾನು, ಚೀಟಿ, ಇನ್ನೊಂದು ಕ್ಯೂ.

ಆ ರಾತ್ರಿ ನೋಟ್‌ಬುಕ್ಕು ಹಿಂದಕ್ಕೆ ತಿರುವಿದೆ.
ಗಾಢ ಲೈನಿಂಗು, ಗಾಢ, ಗಾಢ.
ಪುಟ ಹದಿನೇಳರ ಯಶೋದಮ್ಮ ಈಗಿಲ್ಲ.
ಯಾಕೆ ಹೋದಳೋ ನನಗೆ ಗೊತ್ತಿಲ್ಲ.
ಕೇಳಿದ ಬಣ್ಣ ಹಾಕಿದ್ದೆ. ಕೂಲಿ ತೊಗೊಂಡಿದ್ದೆ.

ಮಾಘದಲ್ಲಿ ಆಂಜಿನಮ್ಮ ಮೆಟ್ಟಿಲು ಹತ್ತಿ ಬಂದಳು, ನಿಧಾನ.
"ಹಾಲಿನ ನಾಳದೊಳಗೆ ನರುಲಿಯಂಥದ್ದು, ಅಕ್ಕಿಕಾಳಿನಷ್ಟು. ತೆಗೆದರು.
ಕೆಟ್ಟದ್ದಲ್ಲವಂತೆ.
ಕೆಟ್ಟದ್ದಾಗಿದ್ರೂ ಹಿಂಗೇ ಬರ್ತಿತ್ತಂತೆ, ನೋವಿಲ್ದೆ.
ತೆಗೆದು ನೋಡಿದ ಮೇಲೇನೇ ಅವರಿಗೂ ಗೊತ್ತಾಗಿದ್ದು."

ಕಂಕುಳ ಹತ್ತಿರ ಅರ್ಧ ಇಂಚು ಸಡಿಲ ಬಿಡು ಅಂದಳು.
ತಿಳಿಹಳದಿ ಬಟ್ಟೆ ಅಷ್ಟೂ ದಿನ ಕತ್ತರಿಸದೆ ಇಟ್ಟಿದ್ದೆ.

"ಲೈನಿಂಗು?"

"ಬಿಳೀದು ಹಾಕು" ಅಂದಳು.
"ಕಂಡರೆ ಕಾಣಲಿ."